ಮೂರು ಮಳೆಗಾಲ ಕಳೆದ ನನ್ನ ಸ್ಲೀಪಿಂಗ್ ಬ್ಯಾಗ್

2021ರ ಅಕ್ಟೋಬರಿನಲ್ಲಿ ತೆಗೆದುಕೊಂಡದ್ದು. ಬಾತುಕೋಳಿ ತುಪ್ಪಳದ್ದು, 13,000 ರೂಪಾಯಿ. ನನ್ನ ಸಂಬಳಕ್ಕೆ ಅದು ಸಣ್ಣ ಮೊತ್ತ ಅಲ್ಲ, ಆರು ತಿಂಗಳು ಕೂಡಿಟ್ಟಿದ್ದೆ. ತೂಕ, ಅಳತೆ ಎಲ್ಲ ಕಂಪನಿಯವರು ಬರೆದಿದ್ದಾರೆ, ನೀವು ನೋಡಿರುತ್ತೀರಿ. ಅವರು ಎಲ್ಲೂ ಬರೆಯದೇ ಬಿಟ್ಟದ್ದು ಒಂದಿದೆ. ಮಲ್ಪೆಯಂಥ ಊರಲ್ಲಿ ಇದನ್ನು ಉಳಿಸಿಕೊಳ್ಳುವುದು ಹೇಗೆ?

ಮೊದಲ ಡಿಸೆಂಬರ್ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಚಾರಣ ಹೋದೆ. ಹಿಮದ ಮೇಲೆ ಟೆಂಟು, ಒಳಗೆ ಬೆಚ್ಚಗೆ ನಿದ್ದೆ. ವಾಪಸ್ ಬಂದು, ಅದರ ಜೊತೆಗೇ ಬಂದ ಪುಟ್ಟ ಚೀಲಕ್ಕೆ ಒತ್ತಿ ತುಂಬಿ ಅಲಮಾರಿಯಲ್ಲಿಟ್ಟೆ. ಆಮೇಲೆ ಜೂನ್ ಬಂತು. ನಮ್ಮ ಕಡೆ ಮಳೆ ಹಿಡಿದರೆ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು, ಎಲ್ಲದಕ್ಕೂ ಬೂಷ್ಟು ಬರುತ್ತದೆ. ನವೆಂಬರಿನಲ್ಲಿ ತೆಗೆದು ನೋಡಿದರೆ ಮುಗ್ಗಲು ವಾಸನೆ. ತುಪ್ಪಳ ಅಲ್ಲಲ್ಲಿ ಗಂಟುಗಂಟಾಗಿತ್ತು. ಟ್ಯೂಬ್‌ಲೈಟಿಗೆ ಎತ್ತಿ ಹಿಡಿದರೆ ನಡುನಡುವೆ ಬೆಳಕು ಆಚೆಯಿಂದ ಕಾಣುತ್ತಿತ್ತು, ಅಂದರೆ ಅಲ್ಲಿ ಬರೀ ಬಟ್ಟೆ. ತುಪ್ಪಳದ ಎಳೆಗಳ ನಡುವೆ ನಿಂತ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು. ಎಳೆಗಳು ಒದ್ದೆಯಾಗಿ ಅಂಟಿಕೊಂಡರೆ ಗಾಳಿ ನಿಲ್ಲುವುದಿಲ್ಲ.

ಜನವರಿಗೆ ಲಡಾಖಿನ ಚಾದರ್ ಚಾರಣ ಬುಕ್ ಮಾಡಿದ್ದೆ. ಹೆಪ್ಪುಗಟ್ಟಿದ ಝಂಸ್ಕಾರ್ ನದಿಯ ಮೇಲೆ ನಡೆಯುವುದು, ರಾತ್ರಿ ಮೈನಸ್ 20ಕ್ಕೂ ಕೆಳಗೆ ಇಳಿಯುವ ಜಾಗ. ಕೊಂಡ ಅಂಗಡಿಗೆ ಫೋನ್ ಮಾಡಿದರೆ "ತೇವ ತಾಗದ ಹಾಗೆ ಇಡಬೇಕಿತ್ತು ಮೇಡಂ" ಅಂದರು. ಕರಾವಳಿಯಲ್ಲಿ ತೇವ ತಾಗದ ಜಾಗ ಯಾವುದು? ಆ ದಿನ ಈ ವಿಮರ್ಶೆ ಬರೆದಿದ್ದರೆ ಒಂದು ಸ್ಟಾರ್ ಕೊಡುತ್ತಿದ್ದೆ.

ಕೊನೆಗೆ ತೊಳೆದೇ ಬಿಡೋಣ ಅಂತ ಹೊರಟೆ. ಮಾಮೂಲಿ ಸಾಬೂನು ಪುಡಿ ಹಾಕಬಾರದು, ತುಪ್ಪಳದ ಸಹಜ ಎಣ್ಣೆ ಹೋಗಿಬಿಡುತ್ತದೆ. ಅದಕ್ಕೆಂದೇ ಬರುವ ದ್ರಾವಣ ತರಿಸಿ, ದೊಡ್ಡ ಟಬ್ಬಿನಲ್ಲಿ ನೆನೆಹಾಕಿ, ಮೆಲ್ಲಗೆ ಒತ್ತಿ, ನೊರೆ ಪೂರ್ತಿ ಹೋಗುವ ತನಕ ನೀರು ಬದಲಿಸಿದೆ. ಒದ್ದೆ ತುಪ್ಪಳ ತುಂಬಾ ಭಾರ, ಒಂದು ತುದಿ ಹಿಡಿದು ಎತ್ತಿದರೆ ಒಳಗಿನ ಹೊಲಿಗೆ ಹರಿಯುತ್ತದೆ. ಅಮ್ಮ ಒಂದು ಕಡೆ, ನಾನು ಒಂದು ಕಡೆ, ಎಳೆ ಮಗುವನ್ನು ಎತ್ತುವ ಹಾಗೆ ಕೆಳಗಿಂದ ಕೈ ಕೊಟ್ಟು ತಾರಸಿಗೆ ಒಯ್ದೆವು. ಹಪ್ಪಳ ಒಣಗಿಸುವ ಚಾಪೆಯ ಮೇಲೆ ಮೂರು ದಿನ. ಅಮ್ಮ ಸಂಜೆ ಚಹಾ ಹಿಡಿದು ಬಂದು ಕೂತು ಒಂದೊಂದೇ ಗಂಟನ್ನು ಬೆರಳಲ್ಲಿ ಬಿಡಿಸುತ್ತಿದ್ದರು. ಮೂರನೇ ದಿನ ಮಧ್ಯಾಹ್ನ ಅದು ಉಬ್ಬಿತು, ಅಂಗಡಿಯಲ್ಲಿ ಮೊದಲು ನೋಡಿದಾಗ ಇದ್ದಷ್ಟೇ. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಆದರೆ ಸರಿಯಾಗಿದೆ ಅಂತ ನಂಬುವುದು ಹೇಗೆ? ಉಡುಪಿಯಲ್ಲಿ ಚಳಿ ಎಲ್ಲಿಂದ ತರೋದು? ಅಣ್ಣ ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುತ್ತಾನೆ. ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಐಸ್ ಗಟ್ಟಿಗಳ ಕೋಣೆಯಲ್ಲಿ ಮರದ ಹಲಗೆ ಹಾಕಿ ಮುಕ್ಕಾಲು ಗಂಟೆ ಮಲಗಿದೆ. ಮೂಗು ಮರಗಟ್ಟಿತು, ಬೆನ್ನು ಬೆಚ್ಚಗಿತ್ತು. ಸೊಂಟದ ಹತ್ತಿರ ಒಂದೇ ಒಂದು ಕಡೆ ತಣ್ಣಗೆ ತಾಗಿತು, ಮನೆಗೆ ಬಂದು ಅಲ್ಲಿನ ಗಂಟು ಹುಡುಕಿ ಬಿಡಿಸಿದೆ.

ಇನ್ನೊಂದು ಮಾತು, ಹೆಂಗಸರಿಗೆ ಮುಖ್ಯ. ಚೀಲದ ಮೇಲೆ ದೊಡ್ಡದಾಗಿ ಬರೆದ ಮೈನಸ್ 12 ಡಿಗ್ರಿ ನೋಡಿ ಮೋಸ ಹೋಗಬೇಡಿ. ಅದು 'ಲಿಮಿಟ್', ಅಂದರೆ ಮುದುಡಿಕೊಂಡು ಹೇಗೋ ನಿದ್ದೆ ಮಾಡಬಹುದಾದ ಕೊನೆಯ ಚಳಿ, ಗಂಡಸಿನ ಮೈಗೆ ಲೆಕ್ಕ ಹಾಕಿದ್ದು. ನಮಗೆ ನೋಡಬೇಕಾದ್ದು 'ಕಂಫರ್ಟ್', ಆರಾಮಾಗಿ ನಿದ್ದೆ ಬರುವ ಚಳಿ. ನನ್ನದರಲ್ಲಿ ಅದು ಮೈನಸ್ 6, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿದೆ. 'ಎಕ್ಸ್‌ಟ್ರೀಮ್' ಅಂತ ಇರುವುದು ಜೀವ ಉಳಿಸಿಕೊಳ್ಳುವ ಲೆಕ್ಕ, ನಿದ್ದೆಯದ್ದಲ್ಲ. ಹಾಗಾಗಿ ಚಾದರ್‌ನಲ್ಲಿ ಶಿಬಿರದವರು ಕೊಟ್ಟ ಚೀಲದೊಳಗೆ ಇದನ್ನು ತೂರಿಸಿ ಮಲಗಿದೆ. ಕಾಲ ಬುಡದಲ್ಲಿ ಬಿಸಿನೀರಿನ ಬಾಟಲಿ, ಮರುದಿನದ ಸಾಕ್ಸ್ ಹೊಟ್ಟೆಯ ಹತ್ತಿರ. ಬೆಳಿಗ್ಗೆ ಎದ್ದರೆ ಹೊರಬಟ್ಟೆಯ ಮೇಲೆ ನನ್ನದೇ ಉಸಿರು ಮಂಜಾಗಿ ಕೂತಿರುತ್ತಿತ್ತು. ಅದು ಕರಗುವ ಮೊದಲು ಕೊಡವಿ, ಬಿಸಿಲು ಬಂದ ಕೂಡಲೇ ಟೆಂಟಿನ ಮೇಲೆ ಹರಡುತ್ತಿದ್ದೆ.

ಈಗ ಮಳೆಗಾಲದಲ್ಲಿ ಅಮ್ಮನ ಹಳೇ ಹತ್ತಿ ಸೀರೆಯಲ್ಲಿ ಹೊಲಿದ ದೊಡ್ಡ ಚೀಲದಲ್ಲಿ ಸಡಿಲವಾಗಿ ತೂಗುಹಾಕಿರುತ್ತೇನೆ. ಪ್ಲಾಸ್ಟಿಕ್ ಬೇಡವೇ ಬೇಡ. ಬಚ್ಚಲು ಒಲೆಯ ಮೇಲೆ ಕಟ್ಟುವುದೂ ಬೇಡ, ಒಂದು ಕಿಡಿ ಸಾಕು ನೈಲಾನ್ ತೂತಾಗಲು. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯ ತಿಂಗಳಲ್ಲಿ, ಯಾವಾಗಲೋ ಒಂದು ಗಂಟೆ ಬಿಸಿಲು ಬಿದ್ದರೆ, ಊಟ ಅರ್ಧಕ್ಕೆ ಬಿಟ್ಟಾದರೂ ಹೊರಗೆ ತಂದು ಕೊಡವುತ್ತೇನೆ.

ವರ್ಷಕ್ಕೊಮ್ಮೆ ಹೋಗುವವರಾದರೆ ಕೊಳ್ಳಬೇಡಿ, ಶಿಬಿರದಲ್ಲೇ ಸಿಗುತ್ತದೆ. ಸಿಂಥೆಟಿಕ್ ಆದರೂ ಸಾಕು, ಹೊರಲು ಭಾರ ಜಾಸ್ತಿ, ಆದರೆ ತೇವಕ್ಕೆ ಇಷ್ಟು ಬೇಗ ಸೋಲುವುದಿಲ್ಲ. ನನಗೆ ಇದೇ ಇರಲಿ. ನಾಲ್ಕು ಸ್ಟಾರ್. ಐದನೆಯದು ಯಾಕಿಲ್ಲ ಅಂದರೆ ಆ ಜಿಪ್ಪು, ಇವತ್ತಿಗೂ ಮೊಣಕಾಲಿನ ಹತ್ತಿರ ಬಟ್ಟೆ ಕಚ್ಚುತ್ತದೆ.