ಎಂಟು ವರ್ಷದ ಇಂಪ್ಲಾಂಟ್ ಹಲ್ಲು: ಬೇರು ಗಟ್ಟಿ, ಸಂದಿಯದ್ದೇ ಗೋಳು

ಕೆಳದವಡೆಯ ಎಡಗಡೆಯ ದೊಡ್ಡ ಹಲ್ಲು ಕೀಳಿಸಿ, 2017ರಲ್ಲಿ ಶಿವಮೊಗ್ಗದಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡೆ. ಅಂದರೆ ದವಡೆ ಮೂಳೆಗೆ ಬೇರಿನ ಹಾಗೆ ಒಂದು ಸ್ಕ್ರೂ ಕೂರಿಸಿ, ಅದರ ಮೇಲೆ ಹಲ್ಲಿನಾಕಾರದ ಕ್ಯಾಪ್ ಹಾಕುವುದು. ಸ್ಕ್ರೂ, ಕ್ಯಾಪ್, ಎಕ್ಸ್‌ರೇ ಎಲ್ಲ ಸೇರಿ 32 ಸಾವಿರ. ಆಗಿನ ರೇಟಿನಲ್ಲಿ ಒಂದು ಕ್ವಿಂಟಾಲ್ ಅಡಿಕೆಗೆ ಸ್ವಲ್ಪ ಕಮ್ಮಿ. ಆಪರೇಶನ್ ಹೇಗಿರುತ್ತೆ, ನೋವಾಗುತ್ತಾ ಅನ್ನೋದನ್ನೆಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನನ್ನದು ಆಮೇಲಿನ ಕಥೆ.

ಮೊದಲ ಐದು ವರ್ಷ ಅಲ್ಲೊಂದು ಕೃತಕ ಹಲ್ಲಿದೆ ಅನ್ನೋದೇ ಮರೆತುಹೋಗಿತ್ತು. ಅಪ್ಪೆಮಿಡಿ ಕಚ್ಚಿದರೆ ಕರುಂ ಅಂತಿತ್ತು. ಹಲಸಿನಕಾಯಿ ಚಿಪ್ಸ್, ಕೋಡುಬಳೆ, ಎಲ್ಲ ಅದೇ ಕಡೆಯಲ್ಲಿ. ನಮ್ಮ ಅಪ್ಪಯ್ಯನದ್ದು ತೆಗೆದು ಹಾಕುವ ಸೆಟ್. ರಾತ್ರಿ ಅದು ಲೋಟದ ನೀರಿನಲ್ಲಿ ನಗುತ್ತಾ ಕೂತಿರುತ್ತಿತ್ತು, ಚಕ್ಕುಲಿ ಕೊಟ್ಟರೆ ಅವರು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದರು. ಅದನ್ನು ನೋಡಿ ಬೆಳೆದವನಿಗೆ ಇದು ಸ್ವರ್ಗವೇ. ಟೈಟಾನಿಯಂ ಸ್ಕ್ರೂಗೆ ಮೂಳೆಯೇ ಬೆಳೆದು ಅಂಟಿಕೊಳ್ಳುತ್ತಂತೆ. ಸ್ವೀಡನ್ನಿನ ಬ್ರೊನೆಮಾರ್ಕ್ ಅನ್ನುವವರು 1965ರಲ್ಲಿ ಮೊದಲ ರೋಗಿಗೆ ಹಾಕಿದ್ದು, ಆ ಮನುಷ್ಯ 2006ರಲ್ಲಿ ತೀರಿಕೊಳ್ಳುವವರೆಗೂ ಬಾಳಿತು ಅಂತ ಡಾಕ್ಟರು ಹೇಳಿದ್ದರು. ಹಾಗಾದರೆ ನನ್ನ ಜೀವಮಾನಕ್ಕೆ ಸಾಕು ಅಂದುಕೊಂಡು ಆರಾಮಾಗಿದ್ದೆ.

ಆರನೇ ವರ್ಷದ ಮಳೆಗಾಲದಲ್ಲಿ ಶುರುವಾಯ್ತು ನೋಡಿ. ಬಸಳೆ ಸಾಂಬಾರು ಉಂಡರೆ ಒಂದು ನಾರು ಇಂಪ್ಲಾಂಟಿನ ಮುಂದಿನ ಸಂದಿಯಲ್ಲಿ ಕೂತುಬಿಡುತ್ತಿತ್ತು. ಹಲಸಿನ ಹಣ್ಣು ತಿಂದರೂ ಅದೇ. ಸಂಜೆಯ ಕವಳದ ಅಡಿಕೆ ಚೂರಂತೂ ಅಲ್ಲೇ ಮನೆ ಮಾಡಿತ್ತು. ಮದುವೆ ಮನೆಯಲ್ಲಿ ಪಂಕ್ತಿಯಿಂದ ಎದ್ದವನು ನೇರ ಬಚ್ಚಲಿಗೆ ಓಡಬೇಕು. ಹಲ್ಲು ಅಲ್ಲಾಡುತ್ತಿರಲಿಲ್ಲ, ನೋವಿಲ್ಲ. ಆದರೆ ದಿನಕ್ಕೆ ಮೂರು ಸಲ ಈ ಕೆಲಸ ಅಂದರೆ ತಲೆ ಕೆಡುತ್ತೆ, ಅಲ್ವಾ?

ಕಾರಣ ಕೇಳಿದ ಮೇಲೆ ಸಿಟ್ಟು ಇನ್ನೂ ಜಾಸ್ತಿಯಾಯಿತು. ನಮ್ಮ ಸ್ವಂತ ಹಲ್ಲುಗಳು ಇಡೀ ಆಯಸ್ಸು ಚೂರುಚೂರೇ ಮುಂದಕ್ಕೆ ಸರಿಯುತ್ತವಂತೆ. ಮೂಳೆಗೆ ಅಂಟಿದ ಇಂಪ್ಲಾಂಟ್ ಸರಿಯುವುದಿಲ್ಲ. ಬೇಲಿಯಲ್ಲಿ ಒಂದೇ ಒಂದು ಕಲ್ಲುಕಂಬ ಹುಗಿದ ಹಾಗೆ. ಪಕ್ಕದ ಮರದ ಗೂಟ ವರ್ಷ ವರ್ಷ ವಾಲುತ್ತೆ, ಕಲ್ಲು ನಿಂತಲ್ಲೇ ನಿಂತಿರುತ್ತೆ, ನಡುವೆ ದನ ನುಗ್ಗುವಷ್ಟು ಜಾಗ. ತುಂಬಾ ಜನಕ್ಕೆ ಹೀಗಾಗುತ್ತಂತೆ. ಹಾಗಿದ್ದರೆ ದುಡ್ಡು ತಗೊಳ್ಳುವಾಗ ಒಂದು ಮಾತು ಹೇಳಬಹುದಿತ್ತು. ವಾರಂಟಿ ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ‘ಜೀವಮಾನ’ ಅಂತಿದೆ. ಅದು ಸ್ಕ್ರೂಗೆ ಮಾತ್ರ. ಸಂದಿಗೂ ಇಲ್ಲ, ಕ್ಯಾಪಿಗೂ ಇಲ್ಲ. ಕ್ಯಾಪ್ ಹತ್ತು ಹದಿನೈದು ವರ್ಷಕ್ಕೆ ಬದಲಾಯಿಸಬೇಕಾಗಬಹುದು ಅನ್ನೋದೂ ನನಗೆ ಗೊತ್ತಾಗಿದ್ದು ಆಗಲೇ.

ಅಷ್ಟರಲ್ಲಿ ಬ್ರಷ್ ಮಾಡಿದಾಗ ಅಲ್ಲಿ ರಕ್ತ ಕಾಣಿಸುತ್ತಿತ್ತು. ನೋವಿಲ್ಲವಲ್ಲ ಅಂತ ನಾಲ್ಕು ತಿಂಗಳು ಸುಮ್ನೆ ಇದ್ದೆ. ಅದೇ ತಪ್ಪು. ಸ್ವಂತ ಹಲ್ಲಿನ ಬೇರಿನ ಸುತ್ತ ಇರುವ ತೆಳು ಪದರ ಇಂಪ್ಲಾಂಟಿಗೆ ಇಲ್ಲ. ಹಾಗಾಗಿ ಅದು ಬೇಗ ನೋವು ಕೊಟ್ಟು ಎಚ್ಚರಿಸುವುದಿಲ್ಲ. ಒಸಡಿನ ಊತ ಒಳಗಿಳಿದು ಮೂಳೆ ಕರಗಿದರೆ ಗಟ್ಟಿ ಸ್ಕ್ರೂ ಕೂಡ ಉಳಿಯುವುದಿಲ್ಲ. ಪುಣ್ಯಕ್ಕೆ ನನ್ನ ಹಳೆ ಎಕ್ಸ್‌ರೇ ಪಕ್ಕ ಹೊಸದನ್ನು ಇಟ್ಟು ನೋಡಿದಾಗ ಮೂಳೆ ಹೆಚ್ಚೇನೂ ಇಳಿದಿರಲಿಲ್ಲ. ಸ್ವಚ್ಛ ಮಾಡಿಸಿದ ಮೇಲೆ ರಕ್ತ ನಿಂತಿತು.

ಸಂದಿಗೂ ಉಪಾಯ ಸಿಕ್ಕಿತು. ನನ್ನ ಕ್ಯಾಪ್ ಅಂಟು ಹಾಕಿ ಕೂರಿಸಿದ್ದಲ್ಲ, ಮೇಲಿಂದ ಇನ್ನೊಂದು ಸಣ್ಣ ಸ್ಕ್ರೂ ಹಾಕಿ ಬಿಗಿದದ್ದು. ಮೇಲಿನ ತೂತು ಬಿಡಿಸಿ, ತಿರುಗಿಸಿ, ಕ್ಯಾಪ್ ತೆಗೆದು ಲ್ಯಾಬಿಗೆ ಕಳಿಸಿದರು. ಮುಂದಿನ ಬದಿಗೆ ಒಂಚೂರು ಪಿಂಗಾಣಿ ಸೇರಿಸಿ ವಾರದಲ್ಲಿ ಬಂತು. 2,500 ರೂಪಾಯಿ. ಅಂಟಿಸಿದ್ದಾಗಿದ್ದರೆ ಇಷ್ಟು ಸುಲಭವಾಗಿ ಬರುತ್ತಿರಲಿಲ್ಲವಂತೆ. ಹಾಕಿಸುವವರು ಇದೊಂದನ್ನು ಮೊದಲೇ ಕೇಳಿ. ಕಂಪನಿ, ಸೈಜ್ ಬರೆದ ಸ್ಟಿಕ್ಕರ್ ಕೂಡ ಇಸ್ಕೊಳ್ಳಿ. ಒಂದು ಕಂಪನಿಯ ಸ್ಕ್ರೂಗೆ ಇನ್ನೊಂದರ ಡ್ರೈವರ್ ಕೂರದೇ ಹೋಗಬಹುದು. ನಮ್ಮನೆಯಲ್ಲಿ ಅದು ಪಹಣಿ ಜೊತೆ ಟ್ರಂಕಿನಲ್ಲಿದೆ, ಹೆಂಡತಿಯ ಜಾಣತನ.

ಈಗ ರಾತ್ರಿ ಊಟ ಮುಗಿಸಿ, ಕೊಟ್ಟಿಗೆ ದೀಪ ಆರಿಸಿ ಬಂದ ಮೇಲೆ ಬಚ್ಚಲೊಲೆ ಪಕ್ಕ ನಿಲ್ಲುತ್ತೇನೆ. ಹಂಡೆಯಿಂದ ಒಂದು ಚೊಂಬು ಬಿಸಿನೀರು. ಮೊದಲು ಮೆತ್ತನೆ ಬ್ರಷ್. ಆಮೇಲೆ ಸಂದಿ ಬ್ರಷ್, ಬಾಟಲಿ ತೊಳೆಯುವ ಬ್ರಷ್ಷಿನ ಮರಿ ಇದ್ದ ಹಾಗೆ ಇರುತ್ತೆ. ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದೇ ಬೇಕು. ಹಿಂದೆ ಮುಂದೆ ಐದಾರು ಸಲ ಆಡಿಸುವುದು, ಮುಕ್ಕಳಿಸುವುದು. ಕರೆಂಟ್ ಹೋದರೆ ಟಾರ್ಚ್ ಹಲ್ಲಲ್ಲಿ ಕಚ್ಚಿಕೊಳ್ಳೋಕಾಗಲ್ಲ, ಹಾಗಾಗಿ ಕೈ ಅಂದಾಜಿನಲ್ಲೇ ನಡೆಯುತ್ತೆ. ಎರಡು ನಿಮಿಷದ ಕೆಲಸ. ವಿಚಿತ್ರ ಅಂದರೆ ಈಗ ಇದನ್ನು ಮಾಡದೇ ಮಲಗಿದರೆ ನಿದ್ದೆ ಬರುವುದಿಲ್ಲ.

ಕವಳದಲ್ಲಿ ತಂಬಾಕು ಪೂರ್ತಿ ಬಿಟ್ಟಿದ್ದೇನೆ. ಅಡಿಕೆಯನ್ನೂ ಬಿಡಿ ಅಂದರು ಡಾಕ್ಟರು. ಎರಡು ಎಕರೆ ತೋಟ ಇಟ್ಟುಕೊಂಡವನಿಗೆ ಹೇಳುವ ಮಾತಾ ಇದು! ದಿನಕ್ಕೆ ಒಂದಕ್ಕೆ ಇಳಿಸಿದ್ದೇನೆ, ಅದೂ ಬಲಗಡೆ.

ಐದಕ್ಕೆ ನಾಲ್ಕು ಸ್ಟಾರ್. ಸಂದಿ ಬ್ರಷ್ ಮಾತ್ರ ನಮ್ಮೂರಲ್ಲಿ ಸಿಗಲ್ಲ. ಮಗಳು ಆನ್‌ಲೈನಿನಲ್ಲಿ ತರಿಸಿದ್ದಳು, ಸೈಜ್ ತಪ್ಪಿ ದಪ್ಪದ್ದು ಬಂತು. ಸೋಮವಾರ ಶಿವಮೊಗ್ಗಕ್ಕೆ ಹೋಗಬೇಕು.