ಆರಂಭಿಕ ಪಂಕ್ ರಾಕ್: ಮೂಲ ಸಿಂಗಲ್ ಕೊಳ್ಳಬೇಕೇ, ಮರುಮುದ್ರಣವೇ, ಸಂಕಲನವೇ?

ವೇಗದ, ಒರಟು ದನಿಯ ಬ್ರಿಟನ್ನಿನ ಪಂಕ್ ರಾಕ್ ಹುಟ್ಟಿದ್ದು ಏಳು ಇಂಚಿನ ತಟ್ಟೆಯ ಮೇಲೆ, ಎಂದರೆ ಒಂದೆರಡು ಹಾಡುಗಳ ‘ಸಿಂಗಲ್’ ಮೇಲೆ. ದಿ ಡ್ಯಾಮ್ಡ್ ಬ್ಯಾಂಡಿನ ‘ನ್ಯೂ ರೋಸ್’ ಸ್ಟಿಫ್ ರೆಕಾರ್ಡ್ಸ್‌ನಿಂದ ಹೊರಬಂದದ್ದು 1976ರ ಅಕ್ಟೋಬರ್ 22ರಂದು. ಸೆಕ್ಸ್ ಪಿಸ್ಟಲ್ಸ್‌ನ ‘ಅನಾರ್ಕಿ ಇನ್ ದಿ ಯುಕೆ’ ನವೆಂಬರ್ 26ರಂದು ಬಂತು. ಪೂರ್ಣ ಪ್ರಮಾಣದ ಮೊದಲ ಎಲ್‌ಪಿ, ಅದೂ ಡ್ಯಾಮ್ಡ್ ಅವರದೇ, ಅಂಗಡಿ ತಲುಪುವಾಗ 1977ರ ಫೆಬ್ರುವರಿ ಆಗಿತ್ತು. ನಡುವಿನ ಆ ನಾಲ್ಕು ತಿಂಗಳು ಈ ಸಂಗೀತವನ್ನು ಮನೆಗೆ ಒಯ್ಯಬೇಕೆಂದರೆ ಸಿಂಗಲ್ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ಆದ್ದರಿಂದಲೇ ಪಂಕ್ ಸಂಗ್ರಹವೆಂದರೆ ಇಂದಿಗೂ ಮೊದಲು ಸಿಂಗಲ್‌ಗಳ ಸಂಗ್ರಹ.

ಇಂದು ಅದೇ ಹಾಡನ್ನು ಹಲವು ರೂಪಗಳಲ್ಲಿ ಕೊಳ್ಳಬಹುದು. ಆ ಕಾಲದ ಮೂಲ ಪ್ರತಿ, ಅಧಿಕೃತ ಮರುಮುದ್ರಣ, ಆಗಲೇ ಬಂದಿದ್ದ ಸಂಕಲನ, ದಶಕಗಳ ಬಳಿಕ ಬಂದ ಸಿಡಿ ಪೆಟ್ಟಿಗೆ, ಜೊತೆಗೆ ಯಾರ ಅಪ್ಪಣೆಯೂ ಇಲ್ಲದೆ ಒತ್ತಿಸಿದ ಕಳ್ಳ ಸಂಕಲನ. ಇಂಗ್ಲೆಂಡಿನಲ್ಲಿ ನೆಲೆಸಿದ ಮೇಲೆ ಈ ಎಲ್ಲವನ್ನೂ ಕೊಂಡು, ಕೇಳಿ, ಹೋಲಿಸಿ ನೋಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೊದಲ ಮುದ್ರಣಕ್ಕೆ ನಡೆಯುವ ಪೂಜೆ ಅತಿಯಾಗಿದೆ, ಆ ಕಾಲದ ಸಂಕಲನಗಳಿಗೆ ಸಲ್ಲಬೇಕಾದ ಗೌರವ ಸಲ್ಲುತ್ತಿಲ್ಲ.

ಹೋಲಿಕೆಗೆ ಅತ್ಯುತ್ತಮ ಉದಾಹರಣೆ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ಅವರ ‘ಸ್ಪೈರಲ್ ಸ್ಕ್ರ್ಯಾಚ್’. ನಮ್ಮ ಹಿಂದಿನ ತಲೆಮಾರಿನವರ ಮನೆಗಳಲ್ಲಿ ಸಿನಿಮಾ ಹಾಡುಗಳ ಸಣ್ಣ ಇಪಿಗಳು ಇರುತ್ತಿದ್ದವಲ್ಲ, ಬದಿಗೆ ಎರಡೆರಡು ಹಾಡು. ಇದೂ ಅದೇ ಅಳತೆಯದು. ಸ್ನೇಹಿತರಿಂದಲೂ ಮನೆಯವರಿಂದಲೂ ತಂದ ಸುಮಾರು 500 ಪೌಂಡ್ ಸಾಲ, 1976ರ ಡಿಸೆಂಬರ್ 28ರ ಒಂದೇ ದಿನದ ಧ್ವನಿಮುದ್ರಣ, ನಿರ್ಮಾಪಕನಾಗಿ ಮಾರ್ಟಿನ್ ಹ್ಯಾನೆಟ್. ಮುಂದೆ ಜಾಯ್ ಡಿವಿಷನ್ ಬ್ಯಾಂಡಿನ ದನಿಯನ್ನು ರೂಪಿಸಿದವನು ಈತನೇ. ತಮ್ಮದೇ ನ್ಯೂ ಹಾರ್ಮೋನ್ಸ್ ಹೆಸರಿನಲ್ಲಿ 1977ರ ಜನವರಿ 29ರಂದು ಹೊರತಂದರು. ಮೊದಲು ಒತ್ತಿಸಿದ್ದು ಸಾವಿರ ಪ್ರತಿ. ವ್ಯಾಪಾರಿಗಳು ಇಂದಿಗೂ ಆ ಸಾವಿರವನ್ನೇ ಮುಂದಿಟ್ಟು ಬೆಲೆ ಏರಿಸುತ್ತಾರೆ. ಆದರೆ ಬೇಡಿಕೆ ಬಂದಂತೆ ಮತ್ತೆ ಮತ್ತೆ ಒತ್ತಿಸಿ, ಒಟ್ಟು 16,000ದಷ್ಟು ಮಾರಾಟವಾಯಿತು ಎಂಬುದನ್ನು ಅವರು ಹೇಳುವುದಿಲ್ಲ. 1977ರ ಪ್ರತಿ ಸುಲಭವಾಗಿ ಸಿಗುವುದಿಲ್ಲ, ನಿಜ. ಆದರೆ ಅದು ಗಗನಕುಸುಮವೂ ಅಲ್ಲ.

1979ರಲ್ಲಿ ಇದನ್ನು ಮತ್ತೆ ಹೊರತಂದಾಗ ಮುಖಪುಟದಲ್ಲಿ ಹಾಡುಗಾರ ಹೊವರ್ಡ್ ಡಿವೋಟೊನ ಹೆಸರನ್ನು ಸೇರಿಸಿದರು. ಆ ವೇಳೆಗೆ ಅವನು ಬ್ಯಾಂಡ್ ಬಿಟ್ಟು ಎರಡು ವರ್ಷಕ್ಕೂ ಮೇಲಾಗಿತ್ತು. ಎರಡು ಮುದ್ರಣಗಳನ್ನು ಗುರುತಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಈ ಬಾರಿ ರೆಕಾರ್ಡು ಬ್ರಿಟನ್ನಿನ ಟಾಪ್ 40 ಪಟ್ಟಿಗೂ ಏರಿತು. 2017ರಲ್ಲಿ, ನಲವತ್ತನೇ ವರ್ಷಕ್ಕೆ, ಡೊಮಿನೊ ಸಂಸ್ಥೆ ಮತ್ತೊಮ್ಮೆ ಒತ್ತಿಸಿತು. ಈ ಮೂರನ್ನೂ ಒಂದೇ ಮುಳ್ಳಿನ ಕೆಳಗೆ, ಒಂದರ ಹಿಂದೆ ಒಂದರಂತೆ ಇಟ್ಟು ಕೇಳಿದೆ. ‘ಬೋರ್ಡಮ್’ ಹಾಡಿನಲ್ಲಿ ಪೀಟ್ ಶೆಲ್ಲಿ ಎರಡೇ ಎರಡು ಸ್ವರಗಳನ್ನು ಹಟ ಹಿಡಿದು ನುಡಿಸುವ ಗಿಟಾರ್ ಭಾಗವಿದೆ. 1977ರ ಪ್ರತಿಯಲ್ಲೂ 1979ರ ಪ್ರತಿಯಲ್ಲೂ ಅದು ಅಷ್ಟೇ ಒರಟಾಗಿ, ಎದೆಗೆ ಬಂದು ತಾಗುವಂತೆ ಕೇಳಿಸಿತು. ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ. ಡೊಮಿನೊ ಪ್ರತಿ ಹೆಚ್ಚು ನಿಶ್ಶಬ್ದ, ಕರಕರ ಸದ್ದಿಲ್ಲ, ಡ್ರಮ್ಮಿನ ಅಂಚು ಸ್ಪಷ್ಟ. ಸಂಗೀತವನ್ನಷ್ಟೇ ಕೇಳಬೇಕೆನ್ನುವವರಿಗೆ ಅದು ಸಾಕು.

ಈ ರೆಕಾರ್ಡಿನ ಹೊದಿಕೆಯ ಮಾತನ್ನು ಬೇರೆಯೇ ಹೇಳಬೇಕು. ಹೊದಿಕೆಯ ಮುಂಬದಿಯಲ್ಲಿ, ಮ್ಯಾಂಚೆಸ್ಟರಿನ ಪಿಕ್ಯಾಡಿಲಿಯಲ್ಲಿರುವ ರಾಬರ್ಟ್ ಪೀಲ್ ಪ್ರತಿಮೆಯ ಬಳಿ ನಿಂತ ನಾಲ್ವರ ಪೋಲರಾಯ್ಡ್ ಚಿತ್ರ. ತೆಗೆದವನು ಅವರ ಮ್ಯಾನೇಜರ್ ರಿಚರ್ಡ್ ಬೂನ್. ಹಿಂಬದಿಯಲ್ಲಿ, ಪ್ರತಿ ಹಾಡಿನ ಮುಂದೆ ಅದು ಎಷ್ಟನೆಯ ಟೇಕ್, ಮೇಲೆ ಗಿಟಾರ್ ಸೇರಿಸಿದ್ದಾರೋ ಇಲ್ಲವೋ ಎಂಬ ವಿವರ. ಸ್ಟುಡಿಯೋದ ಗುಟ್ಟನ್ನು ಹೀಗೆ ಬಯಲಿಗಿಟ್ಟದ್ದು ನೀವೂ ಮಾಡಬಹುದು ಎಂಬ ಬಹಿರಂಗ ಆಹ್ವಾನ. ಮರುಮುದ್ರಣಗಳಲ್ಲೂ ಈ ವಿವರ ಉಳಿದುಕೊಂಡಿದೆ. ಹಾಗಾಗಿ ಇಲ್ಲಿ ನನ್ನ ಮತ 1979ರ ಪ್ರತಿಗೆ. ಅದೂ ಪಂಕ್ ಕಾಲದ್ದೇ ತಟ್ಟೆ, ಬೆಲೆಯೂ ಕೈಗೆಟುಕುವಂಥದ್ದು.

ಹೊದಿಕೆ ಕೈತಪ್ಪಿದರೆ ರೆಕಾರ್ಡೇ ಅರ್ಧವಾಗುವ ಸಂದರ್ಭಗಳೂ ಇವೆ. ಲಂಡನ್ನಿನ ಡೆಸ್ಪರೇಟ್ ಬೈಸಿಕಲ್ಸ್ ಬ್ಯಾಂಡಿನವರು 1977ರಲ್ಲಿ ‘ಸ್ಮೋಕ್‌ಸ್ಕ್ರೀನ್’ ಮತ್ತು ‘ಹ್ಯಾಂಡಲ್‌ಬಾರ್ಸ್’ ಎಂಬ ಎರಡು ಹಾಡುಗಳನ್ನು ತಟ್ಟೆಯ ಎರಡೂ ಬದಿಗೆ ಒಂದೇ ರೀತಿ ಒತ್ತಿಸಿದರು. ಖರ್ಚಾದದ್ದು 153 ಪೌಂಡ್. ಆ ಲೆಕ್ಕವನ್ನು ಕೇಳುಗರ ಮುಂದಿಟ್ಟು, ಇದು ಸುಲಭ, ಅಗ್ಗ, ನೀವೂ ಹೋಗಿ ಮಾಡಿ ಎಂದು ಕರೆ ಕೊಟ್ಟರು. 1978ರಲ್ಲಿ ಸ್ಕ್ರಿಟಿ ಪೊಲಿಟಿ ಬ್ಯಾಂಡಿನವರು ತಮ್ಮ ಮೊದಲ ಸಿಂಗಲ್‌ನ ಹೊದಿಕೆಯ ಮೇಲೆ ಸ್ಟುಡಿಯೋ ಬಾಡಿಗೆ, ಒತ್ತುವ ಖರ್ಚು, ಲೇಬಲ್ ಅಚ್ಚು ಹಾಕಿಸಿದ ಖರ್ಚು ಎಂದು ಬಾಬುವಾರು ಬರೆದರು. ಆ ಹೊದಿಕೆ ಕೈಯಲ್ಲಿರುವಾಗ ಹಾಡಿನ ತೊದಲು, ತಪ್ಪುವ ತಾಳ ಎಲ್ಲವೂ ಬೇರೆ ರೀತಿ ಕೇಳಿಸುತ್ತದೆ. ಅದೇ ಹಾಡನ್ನು ಸಂಕಲನದ ನಡುವೆ ಕೇಳಿದಾಗ ಅನುಭವವಿಲ್ಲದವರ ಪ್ರಯತ್ನದಂತೆ ಕಂಡು ದಾಟಿಹೋಯಿತು. ಹೀಗಾಗಿ ದುಡ್ಡಿದ್ದರೆ ಮೂಲ ಪ್ರತಿಗೆ ಕೊಡಬೇಕಾದದ್ದು ಇಂಥ ತಟ್ಟೆಗಳಿಗೆ. ಬೆಲ್‌ಫಾಸ್ಟಿನ ಗುಡ್ ವೈಬ್ರೇಷನ್ಸ್ 1978ರಲ್ಲಿ ಹೊರತಂದ ಅಂಡರ್‌ಟೋನ್ಸ್‌ನ ‘ಟೀನೇಜ್ ಕಿಕ್ಸ್’ ಇಪಿ ಕೂಡ ಈ ಸಾಲಿಗೆ ಸೇರುತ್ತದೆ. ಬಿಡಿಸಿದರೆ ಪೋಸ್ಟರ್ ಆಗುವ ಮಡಿಕೆ ಹೊದಿಕೆ ಅದರದು. ಕೆಲವೇ ವಾರಗಳಲ್ಲಿ ಸೈರ್ ಸಂಸ್ಥೆ ಹೊರತಂದ ಪ್ರತಿಯಲ್ಲಿ ಹಾಡುಗಳಿವೆ, ಪೋಸ್ಟರ್ ಇಲ್ಲ. ಆದರೆ ಆ ಕಾಗದ ಬೇಗ ಹರಿಯುವಂಥದ್ದು. ಮಡಿಕೆಗಳಲ್ಲಿ ಸೀಳಿಲ್ಲದ ಪ್ರತಿ ಕಣ್ಣಿಗೆ ಬಿದ್ದರೆ ಬಿಡಬೇಡಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ, ಪಿಸ್ಟಲ್ಸ್‌ನ ‘ಗಾಡ್ ಸೇವ್ ದಿ ಕ್ವೀನ್’. 1977ರ ಮಾರ್ಚ್ 10ರಂದು ಬಕಿಂಗ್‌ಹ್ಯಾಮ್ ಅರಮನೆಯ ಎದುರು ಎ ಆ್ಯಂಡ್ ಎಂ ರೆಕಾರ್ಡ್ ಸಂಸ್ಥೆಯೊಂದಿಗೆ ಕರಾರಿಗೆ ಸಹಿ ಬಿತ್ತು, ವಾರ ತುಂಬುವುದರೊಳಗೆ ಅದು ರದ್ದಾಯಿತು, ಒತ್ತಿದ್ದ ಸುಮಾರು 25,000 ಪ್ರತಿಗಳನ್ನು ನಾಶಮಾಡಲಾಯಿತು. ಉಳಿದುಕೊಂಡ ಕೆಲವೇ ತಟ್ಟೆಗಳು ಸಾವಿರಾರು ಪೌಂಡಿಗೆ ಕೈ ಬದಲಾಯಿಸುತ್ತವೆ, ನಕಲಿಗಳೂ ಓಡಾಡುತ್ತಿವೆ. ಮೇ 27ಕ್ಕೆ ವರ್ಜಿನ್ ಅದೇ ಹಾಡನ್ನು ಹೊರತಂದು ಲಕ್ಷಗಟ್ಟಲೆ ಮಾರಿತು. ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಹಿಂಬದಿಯ ಹಾಡು: ಎ ಆ್ಯಂಡ್ ಎಂ ತಟ್ಟೆಯಲ್ಲಿ ‘ನೋ ಫೀಲಿಂಗ್’, ವರ್ಜಿನ್ ತಟ್ಟೆಯಲ್ಲಿ ‘ಡಿಡ್ ಯೂ ನೋ ರಾಂಗ್’. ವರ್ಜಿನ್ ಪ್ರತಿ ಕೊಳ್ಳಿ, ಉಳಿದ ಹಣದಲ್ಲಿ ಕಪಾಟು ತುಂಬಿಸಿ. ‘ಅನಾರ್ಕಿ’ಯ ಕಥೆಯೂ ಹೀಗೆಯೇ. ಇಎಂಐ ರೆಕಾರ್ಡ್ ಸಂಸ್ಥೆಯ ಮೊದಲ ಪ್ರತಿಗಳು ಬರಿಯ ಕಪ್ಪು ಹೊದಿಕೆಯಲ್ಲಿ ಬಂದವು; ಡೇವ್ ಗುಡ್‌ಮನ್ ನಿರ್ಮಿಸಿದ್ದ ಹಿಂಬದಿಯ ಹಾಡಿಗೂ ಲೇಬಲ್ಲಿನಲ್ಲಿ ಕ್ರಿಸ್ ಥಾಮಸ್ ಹೆಸರೇ ಬಿದ್ದಿತ್ತು, ಆಮೇಲೆ ತಿದ್ದಿದರು. ಒಂದು ಅಚ್ಚಿನ ತಪ್ಪಿಗೆ ಅಷ್ಟು ಬೆಲೆ ತೆರಲು ನನಗೆ ಮನಸ್ಸಿಲ್ಲ.

ಈಗ ನನಗೆ ಅತ್ಯಂತ ಪ್ರಿಯವಾದ ವಿಭಾಗ, ಆ ಕಾಲದಲ್ಲೇ ಬಂದ ಸಂಕಲನಗಳು. 1977ರ ಜೂನ್‌ನಲ್ಲಿ ಹೊರಬಂದ ‘ದಿ ರಾಕ್ಸಿ ಲಂಡನ್ ಡಬ್ಲ್ಯುಸಿ2’ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿದ್ದ ರಾಕ್ಸಿ ಕ್ಲಬ್ಬಿನಲ್ಲಿ ಅದೇ ವರ್ಷದ ಮೊದಲ ತಿಂಗಳುಗಳಲ್ಲಿ ಧ್ವನಿಮುದ್ರಿಸಿದ್ದು. ಹೊರತಂದ ಹಾರ್ವೆಸ್ಟ್ ಇಎಂಐನದೇ ಲೇಬಲ್. ಪಿಸ್ಟಲ್ಸ್ ಅವರನ್ನು ಜನವರಿಯಲ್ಲಿ ಹೊರಹಾಕಿದ್ದ ಅದೇ ಇಎಂಐ. ವೈರ್, ಆಡ್ವರ್ಟ್ಸ್, ಈಟರ್, ಜಾನಿ ಮೋಪೆಡ್, ಎಕ್ಸ್-ರೇ ಸ್ಪೆಕ್ಸ್, ಬಝ್‌ಕಾಕ್ಸ್ ಎಲ್ಲರೂ ಇದರಲ್ಲಿದ್ದಾರೆ. ಹಾಡು ಮುಗಿದೊಡನೆ ಮೌನ ಬರುವುದಿಲ್ಲ. ನೆರೆದ ಜನರ ಮಾತು, ಕೂಗು ಕಿವಿಗೆ ಬೀಳುತ್ತದೆ, ಅದು ತಣ್ಣಗಾಗುವ ಮೊದಲೇ ಮುಂದಿನ ಬ್ಯಾಂಡ್ ಶುರು ಮಾಡಿರುತ್ತದೆ. ಎಕ್ಸ್-ರೇ ಸ್ಪೆಕ್ಸ್‌ನ ‘ಓ ಬಾಂಡೇಜ್ ಅಪ್ ಯುವರ್ಸ್’ ಸಿಂಗಲ್ ಆಗಿ ಬಂದದ್ದು ಸೆಪ್ಟೆಂಬರ್ ಕೊನೆಗೆ. ಅದಕ್ಕೂ ತಿಂಗಳುಗಳ ಮೊದಲೇ ಪಾಲಿ ಸ್ಟೈರೀನ್‌ಳ ಆ ಸೀಳುದನಿ ಈ ಎಲ್‌ಪಿಯಲ್ಲಿ ಮನೆಮನೆಗೆ ಹೋಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದಾಗ ಸಿಂಗಲ್ ಅಚ್ಚುಕಟ್ಟಾಗಿದೆ, ಸ್ಯಾಕ್ಸೊಫೋನ್ ಸ್ಪಷ್ಟವಾಗಿದೆ. ಆದರೂ ನನ್ನನ್ನು ಕುರ್ಚಿಯಿಂದ ಎಬ್ಬಿಸುವುದು ರಾಕ್ಸಿಯದೇ. ಈ ಎಲ್‌ಪಿ ಆಗ ಚೆನ್ನಾಗಿ ಮಾರಾಟವಾದ್ದರಿಂದ 1977ರ ಪ್ರತಿಯೇ ಇಂದಿಗೂ ಹೆಚ್ಚು ಹುಡುಕಾಟವಿಲ್ಲದೆ ಸಿಗುತ್ತದೆ. ಕಾಸಿಗೆ ತಕ್ಕ ಕಜ್ಜಾಯ ಎಂದರೆ ಇದು.

ವರ್ಜಿನ್ 1978ರಲ್ಲಿ ಹೊರತಂದ ‘ಶಾರ್ಟ್ ಸರ್ಕಿಟ್’ ಹತ್ತು ಇಂಚಿನ ತಟ್ಟೆ. ಮ್ಯಾಂಚೆಸ್ಟರಿನ ಎಲೆಕ್ಟ್ರಿಕ್ ಸರ್ಕಸ್ ಎಂಬ ಸಂಗೀತ ಕ್ಲಬ್ 1977ರ ಅಕ್ಟೋಬರಿನಲ್ಲಿ ಮುಚ್ಚುವ ಮುನ್ನ ನಡೆದ ಕೊನೆಯ ಕಾರ್ಯಕ್ರಮಗಳ ದಾಖಲೆ. ವೇದಿಕೆಯ ಮೇಲೆ ಆ ರಾತ್ರಿ ವಾರ್ಸಾ ಎಂಬ ಹೆಸರಿನಲ್ಲಿದ್ದ ಬ್ಯಾಂಡ್, ತಟ್ಟೆ ಅಂಗಡಿಗೆ ಬರುವಷ್ಟರಲ್ಲಿ ಜಾಯ್ ಡಿವಿಷನ್ ಆಗಿತ್ತು. ಇದು ಬಣ್ಣದ ವಿನೈಲ್‌ನಲ್ಲೂ ಬಂದಿದೆ. ನುಡಿಸಿದಾಗ ಬಣ್ಣಕ್ಕೂ ಕಪ್ಪಿಗೂ ಭೇದವೇನೂ ಕಾಣಲಿಲ್ಲ.

ಸಿಡಿ ಪೆಟ್ಟಿಗೆಗಳ ಬಗ್ಗೆ ಎರಡು ಮಾತು ಸಾಕು. ರೈನೊ 2003ರಲ್ಲಿ ತಂದ ‘ನೋ ಥ್ಯಾಂಕ್ಸ್!’ ನಾಲ್ಕು ಸಿಡಿಗಳಲ್ಲಿ 100 ಹಾಡು ಕೊಡುತ್ತದೆ, ಅಮೆರಿಕವನ್ನೂ ಬ್ರಿಟನ್ನನ್ನೂ ಒಟ್ಟಿಗೆ ತೋರಿಸುತ್ತದೆ; ಪಿಸ್ಟಲ್ಸ್ ಮಾತ್ರ ಇಲ್ಲ. ಚೆರ್ರಿ ರೆಡ್‌ನ 2016ರ ‘ಆ್ಯಕ್ಷನ್ ಟೈಮ್ ವಿಷನ್’ ಸಣ್ಣ ಬ್ರಿಟಿಷ್ ಲೇಬಲ್‌ಗಳಿಗೇ ಮೀಸಲು. ಹೊಸಬರು ಎರಡನೆಯದನ್ನು ಕೊಂಡು, ಕೇಳಿ, ಆಮೇಲೆ ಯಾವ ಸಿಂಗಲ್ ಬೇಟೆಯಾಡಬೇಕೆಂದು ತೀರ್ಮಾನಿಸಲಿ. ಕೊರತೆಯೆಂದರೆ ಒಂದು ಬ್ಯಾಂಡಿಗೆ ಸಾಮಾನ್ಯವಾಗಿ ಒಂದೇ ಹಾಡು. ಪಂಕ್ ಸಿಂಗಲ್‌ಗಳಲ್ಲಿ ಹಿಂಬದಿಯೇ ಮುಂಬದಿಯನ್ನು ಮೀರಿಸುವುದು ಅಪರೂಪವೇನಲ್ಲ, ಅದೆಲ್ಲ ಕೈಬಿಟ್ಟುಹೋಗುತ್ತದೆ.

1980ರ ದಶಕದ ಕೊನೆಯಲ್ಲಿ ಶುರುವಾದ ‘ಕಿಲ್ಡ್ ಬೈ ಡೆತ್’ ಸರಣಿ ಅನುಮತಿ ಇಲ್ಲದ ಸಂಕಲನಗಳ ತಾಯಿ. ಹಳೆಯ ತಟ್ಟೆಗಳಿಂದಲೇ ಎತ್ತಿಕೊಂಡ ಹಾಡುಗಳು, ಗೀರಿನ ಸದ್ದೂ ಜೊತೆಗೇ. ಯಾರಿಗೂ ಗೊತ್ತಿಲ್ಲದ ಊರುಗಳ ಬ್ಯಾಂಡ್‌ಗಳನ್ನು ಹುಡುಕಿ ತಂದ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಹಾಡಿದವರಿಗೆ ಬಿಡಿಗಾಸೂ ಹೋಗದು, ಮೇಲಾಗಿ ಈ ಸರಣಿಯಲ್ಲಿ ಸೇರಿದ ಸಿಂಗಲ್‌ಗಳ ಬೆಲೆ ಗಗನಕ್ಕೇರಿತು. ಅಧಿಕೃತ ಪ್ರತಿ ಎಲ್ಲಾದರೂ ಸಿಗುವುದಾದರೆ ಅದನ್ನೇ ಕೊಳ್ಳಬೇಕೆಂಬುದು ನನ್ನ ನಿಯಮ.

ಮೂಲ ಪ್ರತಿಗೇ ಕೈ ಹಾಕುವವರು ತಟ್ಟೆಯನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಲಿ. ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ಉಳಿಯುವ ಖಾಲಿ ಪಟ್ಟಿಯಲ್ಲಿ ಗೀಚಿದ ಇಲ್ಲವೇ ಒತ್ತಿದ ಸಂಖ್ಯೆ ಇರುತ್ತದೆ. ಅದನ್ನು ದಾಖಲೆಗಳೊಂದಿಗೆ ತಾಳೆ ನೋಡಿದರೆ ಯಾವ ಮುದ್ರಣವೆಂಬುದು ತಿಳಿಯುತ್ತದೆ. ಕೆಲವದರಲ್ಲಿ ತಟ್ಟೆ ಕೆತ್ತಿದ ಜಾರ್ಜ್ ಪೆಕಮ್‌ನ ‘ಪೋರ್ಕಿ’ ಎಂಬ ಸಹಿಯೂ ಸಿಗುತ್ತದೆ. ಅಂತರಜಾಲದ ವ್ಯಾಪಾರಿಯೊಬ್ಬರಿಂದ ‘ಎಕ್ಸಲೆಂಟ್’ ದರ್ಜೆಯದೆಂದು ಬಂದ ಪ್ರತಿಯ ಹೊದಿಕೆ ಅಂಚಿನುದ್ದಕ್ಕೂ ಸೀಳಿತ್ತು. ಅಲ್ಲಿಂದಾಚೆಗೆ ಸ್ಪಷ್ಟ ಚಿತ್ರ ಕೇಳದೆ ಹಣ ಕಳಿಸುವುದಿಲ್ಲ. ಸಾಧ್ಯವಾದಷ್ಟೂ ರೆಕಾರ್ಡ್ ಮೇಳಗಳಲ್ಲೇ ಕೊಳ್ಳುತ್ತೇನೆ. ತಂದ ಮೇಲೆ ಪಿವಿಸಿ ಚೀಲದಲ್ಲಿ ಇಡಬೇಡಿ. ವರ್ಷಗಳು ಕಳೆದಂತೆ ಅದರಿಂದ ಹೊಮ್ಮುವ ರಾಸಾಯನಿಕ ತಟ್ಟೆಯ ಮೇಲೆ ಮಬ್ಬು ಕಟ್ಟಿಸುತ್ತದೆ. ಪಾಲಿಥಿನ್ ಅಥವಾ ಕಾಗದ ಕ್ಷೇಮ.

ನಾನು ಈಗ ಹುಡುಕುತ್ತಿರುವುದು ಬ್ರಿಸ್ಬೇನಿನ ಸೇಂಟ್ಸ್ ಅವರ ‘ಸ್ಟ್ರ್ಯಾಂಡೆಡ್’. ಡ್ಯಾಮ್ಡ್ ಅವರಿಗಿಂತಲೂ ಮೊದಲು, 1976ರ ಸೆಪ್ಟೆಂಬರಿನಲ್ಲಿ, ತಮ್ಮದೇ ಫೇಟಲ್ ಲೇಬಲ್ಲಿನಲ್ಲಿ 500 ಪ್ರತಿ ಒತ್ತಿಸಿ ಸಂಗೀತ ಪತ್ರಿಕೆಗಳಿಗೂ ರೇಡಿಯೋಗಳಿಗೂ ಅಂಚೆಯಲ್ಲಿ ಕಳಿಸಿದ್ದರು. ಆ ಪ್ರತಿ ನನ್ನ ಜೇಬಿಗೆ ಭಾರ. ಬಳಿಕ ಬ್ರಿಟನ್ನಿನಲ್ಲಿ ಪವರ್ ಎಕ್ಸ್‌ಚೇಂಜ್ ಹೊರತಂದ ಪ್ರತಿ, ಗೀರಿಲ್ಲದ್ದು, ಎಲ್ಲಾದರೂ ಸಿಕ್ಕರೆ ಎರಡನೇ ಯೋಚನೆ ಮಾಡದೆ ಕೊಳ್ಳುತ್ತೇನೆ.