ಹಾಯಿಹಡಗಿನ ಚಿತ್ರಗಳನ್ನು ಓದಲು ಕಲಿಸುವ ಜಾಲತಾಣ: ಫಿಟ್ಜ್ ಹೆನ್ರಿ ಲೇನ್ ಆನ್‌ಲೈನ್

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗ್ಲಾಸ್ಟರ್ ಬಂದರಿನಲ್ಲಿರುವ ಕೇಪ್ ಆ್ಯನ್ ಮ್ಯೂಸಿಯಂ, ಅದೇ ಊರಿನಲ್ಲಿ ಹುಟ್ಟಿ ಅಲ್ಲಿಯೇ ತೀರಿಕೊಂಡ ಕಡಲಚಿತ್ರಕಾರ ಫಿಟ್ಜ್ ಹೆನ್ರಿ ಲೇನ್ (1804–1865) ಅವರ ತೈಲಚಿತ್ರ, ಪೆನ್ಸಿಲ್ ರೇಖಾಚಿತ್ರ ಹಾಗೂ ಕಲ್ಲಚ್ಚುಗಳನ್ನು (ಲಿಥೋಗ್ರಾಫ್) ಈ ತಾಣದಲ್ಲಿ ಒಟ್ಟುಗೂಡಿಸಿ, ಯಾವ ಶುಲ್ಕವೂ ಇಲ್ಲದೆ ಎಲ್ಲರಿಗೂ ತೆರೆದಿಟ್ಟಿದೆ. ಚಿತ್ರಗಳನ್ನು ಸಾಲಾಗಿ ತೋರಿಸಿ ಸುಮ್ಮನಾಗುವ ತಾಣಗಳು ಬೇಕಾದಷ್ಟಿವೆ. ಇದು ಆ ಜಾತಿಯದಲ್ಲ.

ಬಾಲ್ಯದಲ್ಲೇ ಕಾಲುಗಳ ಬಲ ಕಳೆದುಕೊಂಡು ಊರುಗೋಲಿನ ಆಸರೆಯಲ್ಲಿ ಬದುಕಿದ ಲೇನ್, ಬಾಸ್ಟನ್ನಿನ ಪೆಂಡಲ್ಟನ್ ಕಲ್ಲಚ್ಚು ಮುದ್ರಣಾಲಯದಲ್ಲಿ ಕೆಲಸ ಕಲಿತವರು. ಆ ಕಸುಬಿನ ಗೆರೆಯ ಶಿಸ್ತು ಅವರ ತೈಲಚಿತ್ರಗಳನ್ನೂ ಬಿಡಲಿಲ್ಲ. ಚಿತ್ರವನ್ನು ಹಿಗ್ಗಿಸಿದರೆ ಕೂವೆಮರದಿಂದ (ಹಾಯಿ ಕಟ್ಟುವ ಕಂಬ) ಇಳಿಯುವ ಹಗ್ಗಗಳನ್ನು ಒಂದೊಂದಾಗಿ ಹಿಂಬಾಲಿಸಬಹುದು. ಹಡಗಿನ ಬಗೆಗಳನ್ನು ಕುರಿತ ಪ್ರತ್ಯೇಕ ಟಿಪ್ಪಣಿಗಳು ಇಲ್ಲಿ ನೆರವಿಗೆ ಬರುತ್ತವೆ. ಎರಡು ಕೂವೆಮರಗಳಲ್ಲೂ ಹಡಗಿಗೆ ಅಡ್ಡಲಾಗಿ ಕಟ್ಟುವ ಅಡ್ಡಹಾಯಿ ಹೊತ್ತದ್ದು ಬ್ರಿಗ್; ಹಡಗಿನ ಉದ್ದಕ್ಕೆ ಹರಡುವ ಉದ್ದಹಾಯಿಗಳನ್ನು ಕಟ್ಟಿ, ಕಡಿಮೆ ಆಳುಗಳಿಂದಲೇ ನಡೆಯುವುದರಿಂದ ಕರಾವಳಿ ಸಾಗಾಟಕ್ಕೆ ಒದಗಿದ್ದು ಸ್ಕೂನರ್. ಇಷ್ಟು ತಿಳಿದ ಮೇಲೆ 1863ರ ‘ಪೆನೊಬ್‌ಸ್ಕಾಟ್ ಕೊಲ್ಲಿಯಲ್ಲಿ ಸಂಜೆಯ ಮರಸಾಗಾಟದ ಸ್ಕೂನರ್‌ಗಳು’ ಬರಿಯ ಸೂರ್ಯಾಸ್ತದ ಚಿತ್ರವಾಗಿ ಉಳಿಯುವುದಿಲ್ಲ. ನೋಟ ತಾನಾಗಿ ಸರಕಿನತ್ತ ಹೊರಳುತ್ತದೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಗ್ಲಾಸ್ಟರ್ ಬಂದರಿನಲ್ಲಿ ನಿಂತಿರುವ ‘ಕೆಡೆಟ್’ ಎಂಬ ಬ್ರಿಗ್. ಆ ಊರಿನ ದೂರಸಾಗರ ವ್ಯಾಪಾರದ ಮುಖ್ಯ ನೆಲೆ ದಕ್ಷಿಣ ಅಮೆರಿಕದಲ್ಲಿ ಡಚ್ಚರ ಅಧೀನದಲ್ಲಿದ್ದ ಸುರಿನಾಮ್ ಆಗಿತ್ತು: ಇಲ್ಲಿಂದ ಉಪ್ಪುಮೀನು ಹೋಗುತ್ತಿತ್ತು, ಅಲ್ಲಿಂದ ಸಕ್ಕರೆ ಮತ್ತು ಕಾಕಂಬಿ ಬರುತ್ತಿದ್ದವು. ಆ ಮೀನು ಅಲ್ಲಿನ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರ ಆಹಾರವಾಗಿತ್ತು. ಸುರಿನಾಮಿನಲ್ಲಿ ಗುಲಾಮಗಿರಿ ರದ್ದಾದದ್ದು 1863ರಲ್ಲಿ. ಲೇನ್ ಅವರ ತಿಳಿಬೆಳಕನ್ನು ಮೆಚ್ಚುವವರು ಈ ಲೆಕ್ಕವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಹಡಗಿನ ಒಡೆತನ ಮತ್ತು ಸರಕಿನ ವಿವರಗಳನ್ನು ಚಿತ್ರದ ಜೊತೆಗೇ ಓದಿದಾಗ ಕಲೆಯ ರುಚಿ ಕಡಿಮೆಯಾಗುವುದಿಲ್ಲ, ಸ್ವಲ್ಪ ಕಹಿಯಾಗುತ್ತದೆ, ಅಷ್ಟೆ.

ಕೊರತೆಗಳೂ ಇವೆ. ಬರಹವೆಲ್ಲ ಇಂಗ್ಲಿಷಿನಲ್ಲಿದ್ದು, ನೌಕಾ ಪರಿಭಾಷೆಯ ಪರಿಚಯವಿಲ್ಲದವರಿಗೆ ಮೊದಲ ಪುಟಗಳು ಭಾರವೆನಿಸುತ್ತವೆ. ಅಡಿಗಟ್ಟಲೆ ಅಗಲದ ಚಿತ್ರವೂ ಅಂಗೈಯಗಲದ ರೇಖಾಚಿತ್ರವೂ ಪರದೆಯ ಮೇಲೆ ಒಂದೇ ಗಾತ್ರಕ್ಕೆ ಇಳಿಯುವುದರಿಂದ, ಅಳತೆಯನ್ನು ಪ್ರತಿಸಲವೂ ಗಮನಿಸಿಕೊಳ್ಳಬೇಕು. ತಾಣ ಒಬ್ಬರಿಗೇ ಮೀಸಲಾದ ಕಾರಣ, ಜೇಮ್ಸ್ ಬಟರ್ಸ್‌ವರ್ತ್ ಅಥವಾ ಆಂಟೋನಿಯೋ ಜೇಕಬ್ಸನ್ ಅವರಂಥ ಬೇರೆ ಕಡಲಚಿತ್ರಕಾರರ ಹಡಗುಗಳನ್ನು ಬಯಸುವವರು ಬೇರೆಡೆ ಹುಡುಕಬೇಕು.

ಹೊಸಬರು 1851ರ ‘ಬಾಸ್ಟನ್ ಬಂದರಿನಿಂದ ಹೊರಡುತ್ತಿರುವ ಸದರ್ನ್ ಕ್ರಾಸ್’ ಚಿತ್ರದಿಂದ ಆರಂಭಿಸುವುದು ಒಳ್ಳೆಯದು. ಮೂಲಕೃತಿ ಸೇಲಂ ಪಟ್ಟಣದ ಪೀಬಡಿ ಎಸೆಕ್ಸ್ ಮ್ಯೂಸಿಯಂನಲ್ಲಿದೆ. ಅದೇ ವರ್ಷ ನೀರಿಗಿಳಿದಿದ್ದ ಆ ಕ್ಲಿಪ್ಪರ್ (ವೇಗದ ಹಾಯಿಹಡಗು) ಹಡಗನ್ನು, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1863ರಲ್ಲಿ, ಒಕ್ಕೂಟದಿಂದ ಬೇರೆಯಾದ ದಕ್ಷಿಣದ ರಾಜ್ಯಗಳವರ ‘ಫ್ಲಾರಿಡಾ’ ನೌಕೆ ಹಿಡಿದು ಸುಟ್ಟುಹಾಕಿತು.